ಮಣಿ ಸರಳಿಗೆ ಕಚ್ಚಿಕೊಂಡರೆ: ಬೀಡ್ ರಿಲೀಸ್‌ನ ಹದ ಮತ್ತು ಬದಲಿ

ಪ್ರಶ್ನೆ: ಟಾರ್ಚ್ ಜ್ವಾಲೆಯಲ್ಲಿ ಗಾಜಿನ ಮಣಿ ಮಾಡುವುದನ್ನು ಕಲಿಯುತ್ತಿದ್ದೇನೆ. ಮಣಿ ಅಂಟಿಕೊಳ್ಳದಂತೆ ಉಕ್ಕಿನ ಸರಳಿಗೆ ಹಚ್ಚುವ ಲೇಪನವಾದ ಬೀಡ್ ರಿಲೀಸ್ ಬಾಟಲಿಯಲ್ಲೇ ಒಣಗಿತ್ತು. ನೀರು ಹಾಕಿ ಕಲಸಿದ ಮೇಲೆ ತೀರಾ ತೆಳುವಾಗಿ, ಈಗ ಮಣಿಗಳು ಸರಳಿಗೆ ಕಚ್ಚಿಕೊಂಡು ಬಿಡಿಸುವಾಗ ಸೀಳುತ್ತಿವೆ. ಮೈದಾ ಅಥವಾ ಗೋಂದು ಸೇರಿಸಿ ಗಟ್ಟಿ ಮಾಡಬಹುದೇ? ಸುಣ್ಣ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಥವಾ ಕುಂಬಾರರ ಮಣ್ಣಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಮೈದಾ ಬೇಡ, ಗೋಂದೂ ಬೇಡ. ಎರಡೂ ಜ್ವಾಲೆಯಲ್ಲಿ ಸುಟ್ಟು ಅನಿಲವಾಗಿ ಹೋಗುವುದರಿಂದ ಲೇಪನ ಪೊಳ್ಳಾಗುತ್ತದೆ, ಮಣಿಯ ತೂತಿನ ಸುತ್ತ ಗುಳ್ಳೆಗಳೂ ಏಳಬಹುದು. ನಿಮ್ಮ ಬಾಟಲಿಯಲ್ಲಿ ಹೆಚ್ಚಾಗಿರುವುದು ನೀರು ಮಾತ್ರ. ಆದ್ದರಿಂದ ಏನನ್ನಾದರೂ ಸೇರಿಸುವ ಮೊದಲು ನೀರನ್ನು ತೆಗೆಯುವುದೇ ಸರಿಯಾದ ದಾರಿ.

ಬಾಟಲಿಯನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ಪುಡಿ ತಳಕ್ಕೆ ಇಳಿದು ತಿಳಿನೀರು ಮೇಲೆ ನಿಲ್ಲುತ್ತದೆ. ಆ ನೀರನ್ನು ಚಮಚದಿಂದ ತೆಗೆದು ಬೇರೊಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ, ಮುಂದೆ ತೆಳು ಮಾಡಬೇಕಾದಾಗ ಬೇಕಾಗುತ್ತದೆ. ನೀರು ಬೇರ್ಪಡದಿದ್ದರೆ ಮುಚ್ಚಳ ತೆರೆದು ಒಂದೆರಡು ದಿನ ಬಿಡಿ. ಒಣಗಿದ್ದ ಗಂಟುಗಳು ಇನ್ನೂ ಉಳಿದಿದ್ದರೆ ಟೀ ಜರಡಿಯಲ್ಲಿ ಸೋಸಿ, ಏಕೆಂದರೆ ಒಂದು ಗಂಟು ಕಳಚಿಕೊಂಡ ಜಾಗದಲ್ಲಿ ಗಾಜು ನೇರವಾಗಿ ಉಕ್ಕನ್ನು ಮುಟ್ಟುತ್ತದೆ. ಹದ ನೀರುದೋಸೆಯ ಹಿಟ್ಟಿಗಿಂತ ಗಟ್ಟಿಯಾಗಿ, ಮಾಮೂಲಿ ದೋಸೆಯ ಹಿಟ್ಟಿಗಿಂತ ತುಸು ತೆಳುವಾಗಿರಬೇಕು. ಅದ್ದಿ ತೆಗೆದ ಸರಳು ಒಣಗಿದ ಮೇಲೆ ಎಲ್ಲಿಯೂ ಉಕ್ಕಿನ ಹೊಳಪು ಕಾಣಬಾರದು.

ಹೀಗೆ ಮಾಡಿದರೂ ಪುಡಿ ಪದೇ ಪದೇ ತಳಕ್ಕೆ ಕೂರುತ್ತಿದ್ದರೆ ಕುಂಬಾರಿಕೆಯವರ ಒಂದು ಉಪಾಯವನ್ನು ಎರವಲು ಪಡೆಯಬಹುದು. ಎಪ್ಸಮ್ ಉಪ್ಪನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಒಂದೊಂದೇ ಹನಿ ಹಾಕಿ ಕಲಕಿದರೆ, ಬೀಡ್ ರಿಲೀಸ್‌ನಲ್ಲಿರುವ ಜೇಡಿಯ ಕಣಗಳು ಒಂದಕ್ಕೊಂದು ಹತ್ತಿರವಾಗಿ ಸಡಿಲವಾದ ಜಾಲದಂತೆ ನಿಲ್ಲುವುದರಿಂದ, ಹೊಸ ಪುಡಿಯನ್ನು ಸೇರಿಸದೆಯೇ ದ್ರವ ಮಂದವಾಗುತ್ತದೆ. ಕೆಲವೇ ಹನಿ ಸಾಕು. ಸೋಡಿಯಂ ಸಿಲಿಕೇಟ್ ಇದಕ್ಕೆ ತದ್ವಿರುದ್ಧವಾಗಿ ಜೇಡಿಯನ್ನು ತೆಳುಗೊಳಿಸುವ ವಸ್ತು. ಅಂಟಿನ ಗುಣವಿದೆಯೆಂದು ಅದನ್ನು ಸುರಿದರೆ ಬಾಟಲಿಯೇ ಹಾಳು.

ಲೇಪನ ಎಷ್ಟು ಬಲವಾಗಿ ಕಚ್ಚಿಕೊಂಡರೆ ಅಷ್ಟು ಒಳ್ಳೆಯದು ಎಂಬ ಭಾವನೆ ಹಲವರಲ್ಲಿದೆ, ಅದು ತಪ್ಪು. ಮಣಿಗೆ ಬಳಸುವ ಮೃದು ಗಾಜಿನ ಹಿಗ್ಗುವಿಕೆಯ ಅಂಕ (ಕಾದಾಗ ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ) 104 ಎಂದಾದರೆ, ಅದೇ ಅಳತೆಯಲ್ಲಿ ಸ್ಟೇನ್‌ಲೆಸ್ ಉಕ್ಕಿನದು ಸುಮಾರು 160ರಿಂದ 170. ತಣಿಯುವಾಗ ಉಕ್ಕು ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಅವೆರಡೂ ಬೆಸೆದುಕೊಂಡಿದ್ದರೆ ಆ ಎಳೆತವನ್ನು ತಾಳಲಾರದೆ ಸೀಳುವುದು ಗಾಜು. ನಡುವಿನ ಪದರ ಮಣಿ ತಿರುಗಿಸುವಾಗ ಹಿಡಿದಿಟ್ಟು, ಕೊನೆಯಲ್ಲಿ ಗಾಜಿಗಿಂತ ಮೊದಲು ತಾನೇ ಪುಡಿಯಾಗಬೇಕು.

ಇಂಥ ಪದರಕ್ಕೆ ಗಾಜಿನ ಶಾಖದಲ್ಲಿ ಕರಗದ ಪುಡಿ ಬೇಕು. ಮನೆಯಲ್ಲೇ ಮಾಡುವುದಾದರೆ 50 ಗ್ರಾಂ ಅಲ್ಯುಮಿನಾ ಹೈಡ್ರೇಟ್ (ಅಲ್ಯೂಮಿನಿಯಂನ ಬಿಳಿ ಪುಡಿರೂಪದ ಸಂಯುಕ್ತ), 50 ಗ್ರಾಂ ಚೈನಾ ಕ್ಲೇ (ಬಿಳಿ ಜೇಡಿ), 2 ಗ್ರಾಂ ಬೆಂಟೊನೈಟ್ (ನೀರಿನಲ್ಲಿ ಉಬ್ಬುವ ಜೇಡಿ) ತೆಗೆದುಕೊಳ್ಳಿ. ಬೆಂಟೊನೈಟನ್ನು ಮೊದಲೇ ಬೇರೆ ನೀರಿನಲ್ಲಿ ನೆನೆಸಿ ಉಬ್ಬಿಸಬೇಕು, ಒಣಪುಡಿಯಾಗಿ ಎರಚಿದರೆ ಗಂಟು ಕಟ್ಟುತ್ತದೆ. ಎಲ್ಲ ಸೇರಿ ಸುಮಾರು 100 ಮಿ.ಲೀ. ನೀರಿನಿಂದ ಆರಂಭಿಸಿ, ಹದ ನೋಡಿಕೊಂಡು ಹೆಚ್ಚಿಸಿ. ಅಲ್ಯುಮಿನಾ ತಯಾರಿಸುವ ಹಿಂಡಾಲ್ಕೊ ಕಾರ್ಖಾನೆ ನಿಮ್ಮ ಊರಿನಲ್ಲೇ ಇದ್ದರೂ ಅಷ್ಟು ಚಿಕ್ಕ ಪ್ರಮಾಣಕ್ಕೆ ಸೆರಾಮಿಕ್ ಸಾಮಗ್ರಿಯ ಅಂಗಡಿಯೇ ಅನುಕೂಲ. ಕುಲುಮೆಯ ತಟ್ಟೆಗೆ ಬಳಿಯುವ ಕಿಲ್ನ್ ವಾಶ್ ಸಿಕ್ಕಿದರೆ ಅದರಲ್ಲಿಯೂ ಬಹುಮಟ್ಟಿಗೆ ಅಲ್ಯುಮಿನಾ ಹೈಡ್ರೇಟ್ ಮತ್ತು ಚೈನಾ ಕ್ಲೇ ಪುಡಿಗಳೇ ಇರುತ್ತವೆ. ಮನೆಯ ಮಿಶ್ರಣ ಕೊಂಡದ್ದಕ್ಕಿಂತ ಮೆತ್ತಗಿರುತ್ತದೆ ಎಂಬುದನ್ನು ಮುಚ್ಚಿಡಲಾರೆ. ಚಿಕ್ಕ ಗುಂಡು ಮಣಿಗಳಿಗೆ ಸಾಲುತ್ತದೆ, ಒತ್ತಿ ರೂಪ ಕೊಡುವ ದೊಡ್ಡ ಮಣಿಗಳಿಗೆ ನಾನಾದರೆ ಬಾಟಲಿಯನ್ನೇ ಕೊಳ್ಳುತ್ತೇನೆ.

ಸುಣ್ಣದ ಕಲ್ಲಿನ ಪುಡಿ ಸುಮಾರು 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ, ಅದು ನೀರು ತಾಗಿದರೆ ಚರ್ಮವನ್ನು ಸುಡುತ್ತದೆ. ಪ್ಲಾಸ್ಟರ್ ಬಾಟಲಿಯಲ್ಲೇ ಕಲ್ಲಾಗುತ್ತದೆ. ಕುಂಬಾರರ ಕೆಂಪು ಮಣ್ಣಿನ ಮಾತು ಬೇರೆ: ಲೋಹದ ಸರಳಿಗೆ ಮಣ್ಣು ಹಚ್ಚಿ ಗಾಜು ಸುತ್ತುವ ಪದ್ಧತಿ ಬಹಳ ಹಳೆಯದು. ಆದರೆ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಅದನ್ನು ಬೇಗ ಮೆದುವಾಗಿಸಿ ಗಾಜಿಗೆ ಅಂಟಿಸಬಹುದು, ತೂತಿನಲ್ಲಿ ಕಲೆಯನ್ನೂ ಉಳಿಸುತ್ತದೆ. ಪಾರದರ್ಶಕ ಮಣಿಗೆ ಅದು ಸಲ್ಲದು.

ಹಚ್ಚಿದ ಸರಳುಗಳನ್ನು ಮರಳಿನಲ್ಲಿ ನೆಟ್ಟು ನೆರಳಿನಲ್ಲಿ ಪೂರ್ತಿ ಒಣಗಿಸಿ. ಹಸಿ ಲೇಪನ ಜ್ವಾಲೆಗೆ ಹೋದರೆ ಒಳಗಿನ ನೀರು ಆವಿಯಾಗಿ ಪದರ ಸಿಡಿಯುತ್ತದೆ. ಗಾಜು ಸುತ್ತುವ ಮುಂಚೆ ಸರಳನ್ನು ಕೆಂಪಗೆ ಕಾಯಿಸಿಕೊಳ್ಳಿ, ಏಕೆಂದರೆ ಚೈನಾ ಕ್ಲೇಯ ಕಣಗಳಲ್ಲಿ ರಾಸಾಯನಿಕವಾಗಿ ಬಂಧಿತವಾದ ನೀರು ಹೊರಬೀಳಲು ಸುಮಾರು 550 ಡಿಗ್ರಿ ಬೇಕು. ಪೂರ್ತಿ ತಣಿದ ಮಣಿಗಳನ್ನು ನೀರಿನಲ್ಲಿ ನೆನೆಸಿಟ್ಟು ಬಿಡಿಸಿ, ತೂತನ್ನೂ ನೀರಿನ ಅಡಿಯಲ್ಲೇ ಉಜ್ಜಿ. ಈ ಜೇಡಿಗಳ ಒಣ ಧೂಳಿನಲ್ಲಿ ಸಿಲಿಕಾ ಇರಬಹುದಾದ್ದರಿಂದ ಪುಡಿ ತೂಗುವಾಗ ಎನ್95 ಮಾಸ್ಕ್ ಇರಲಿ, ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.