ಓಟದ ಪ್ರಶ್ನೋತ್ತರ: ಮೊದಲ ಹತ್ತು ಕಿಲೋಮೀಟರ್, ಕಾಲಿನ ಮೂಳೆ ನೋವು, ಓಟದ ದಿನದ ನೀರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೋವಿನ ಬಗ್ಗೆಯೇ ಇವೆ. ಓದುತ್ತಾ ಹೋದರೆ ಬಹಳಷ್ಟರಲ್ಲಿ ಕಾರಣವೂ ಒಂದೇ: ಕೆಲವೇ ವಾರಗಳಲ್ಲಿ ದೂರವನ್ನೋ ವೇಗವನ್ನೋ ಒಮ್ಮೆಲೇ ಏರಿಸಿದ್ದು. ಅದಕ್ಕೇ ನೋವಿನ ಪ್ರಶ್ನೆಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 41 ವರ್ಷ. ದಿನಾ ಬೆಳಿಗ್ಗೆ 5 ಕಿ.ಮೀ. ನಡೆಯುತ್ತೇನೆ. ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ಟಿಸಿಎಸ್ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಇನ್ನು 12 ವಾರ ಇದೆ. ಆದರೆ ಎರಡು ನಿಮಿಷ ಓಡುವಷ್ಟರಲ್ಲಿ ಏದುಸಿರು ಬರುತ್ತದೆ. ನನ್ನ ಕೈಲಿ ಆಗುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಆಗುತ್ತದೆ. ದಿನಾ 5 ಕಿ.ಮೀ. ನಡೆದು ರೂಢಿಯಾದ ಕಾಲಿಗೆ 12 ವಾರ ಧಾರಾಳ. ಏದುಸಿರು ಬರುತ್ತಿರುವುದು ನೀವು ಜೋರಾಗಿ ಓಡುತ್ತಿರುವುದರಿಂದ. ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಬರಬೇಕು, ಅಷ್ಟು ನಿಧಾನಕ್ಕೆ ಓಡಿ. ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿಹೋದರೆ ಹೋಗಲಿ.

ವಾರಕ್ಕೆ ಮೂರು ದಿನ ಸಾಕು: ಮಂಗಳವಾರ, ಗುರುವಾರ, ಭಾನುವಾರ. ಉಳಿದ ದಿನ ಎಂದಿನ ನಡಿಗೆ, ಒಂದು ದಿನ ಪೂರ್ತಿ ವಿಶ್ರಾಂತಿ. ಮೊದಲ ಎರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಹತ್ತು ಸಲ. ಮೂರು, ನಾಲ್ಕನೇ ವಾರ 2 ನಿಮಿಷ ಓಟ, 1 ನಿಮಿಷ ನಡಿಗೆ. ಐದರಿಂದ ಏಳನೇ ವಾರದವರೆಗೆ 4 ನಿಮಿಷ ಓಟ, 1 ನಿಮಿಷ ನಡಿಗೆ, ಏಳು ಸಲ. ಎಂಟರಿಂದ ಹತ್ತನೇ ವಾರದವರೆಗೆ 8 ನಿಮಿಷ ಓಟ, 1 ನಿಮಿಷ ನಡಿಗೆ, ಐದು ಸಲ. ಭಾನುವಾರ ಮಾತ್ರ ಸಮಯದ ಬದಲು ದೂರ ನೋಡಿ: 5 ಕಿ.ಮೀ.ಯಿಂದ ಶುರು ಮಾಡಿ ಹತ್ತನೇ ವಾರಕ್ಕೆ 9 ಕಿ.ಮೀ. ಮುಟ್ಟಿದರೆ ಸರಿ. ನಾಲ್ಕನೇ ಮತ್ತು ಎಂಟನೇ ವಾರದ ಭಾನುವಾರ ದೂರವನ್ನು ಮೂರನೇ ಒಂದು ಪಾಲು ತಗ್ಗಿಸಿ. ಈ ತಗ್ಗಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಅನುಭವಿಸುತ್ತಾರೆ. ದಮ್ಮು ಕೆಲವೇ ವಾರಗಳಲ್ಲಿ ಹತ್ತುತ್ತದೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹನ್ನೊಂದನೇ ವಾರ ಎಲ್ಲವನ್ನೂ ಅರ್ಧಕ್ಕಿಳಿಸಿ, ಕೊನೆಯ ವಾರ 20 ನಿಮಿಷದ ಎರಡು ಹಗುರ ಓಟ ಮಾತ್ರ.

ಓಟದ ದಿನವೂ ಅದೇ 8–1 ಲೆಕ್ಕ ಇಟ್ಟುಕೊಳ್ಳಿ. ಶುರುವಿನಲ್ಲಿ ಗುಂಪಿನ ಹಿಂದುಗಡೆ ನಿಲ್ಲಿ, ಮೊದಲ 2 ಕಿ.ಮೀ. ಬೇಕೆಂದೇ ನಿಧಾನ ಹೋಗಿ. ಬೆಂಗಳೂರು ನಿಮ್ಮ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಷ್ಟರಿಂದ ಉಸಿರಿಗೆ ತೊಂದರೆಯಿಲ್ಲ, ಆದರೆ ರಸ್ತೆಯ ಏರಿಳಿತಕ್ಕೆ ಕಾಲು ಒಗ್ಗಿರಬೇಕು. ವಾರಕ್ಕೊಮ್ಮೆ ಯಾವುದಾದರೂ ಫ್ಲೈಓವರ್ ಏರಿನಲ್ಲಿ ಅಭ್ಯಾಸ ಮಾಡಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಿ. ಓಡುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಿರಿ.

ಪ್ರಶ್ನೆ: ವಾರಕ್ಕೆ 15 ಕಿ.ಮೀ. ಓಡುತ್ತಿದ್ದವನು ಒಂದೇ ತಿಂಗಳಲ್ಲಿ 35ಕ್ಕೆ ಏರಿಸಿದೆ. ಈಗ ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯಲ್ಲಿ ನೋವು. ಗೆಳೆಯರು ಶಿನ್ ಸ್ಪ್ಲಿಂಟ್ಸ್ (ಓಟದ ಹೊರೆಯಿಂದ ಮೊಣಕಾಲ ಕೆಳಗಿನ ಮೂಳೆಯ ಅಂಚಿಗೆ ಬರುವ ನೋವು), ಓಡಿದರೆ ತಾನೇ ಹೋಗುತ್ತದೆ ಅನ್ನುತ್ತಾರೆ. ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಗೆಳೆಯರ ಮಾತಿಗಿಂತ ನಿಮ್ಮ ಹೆಬ್ಬೆರಳನ್ನು ನಂಬಿ. ಕುರ್ಚಿಯಲ್ಲಿ ಕುಳಿತು ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಕಾಲಿನ ಗಿಣ್ಣಿನ ಮೇಲಿನಿಂದ ಶುರು ಮಾಡಿ ಮೂಳೆಯ ಒಳ ಅಂಚಿನುದ್ದಕ್ಕೂ ಬೆರಳಗಲ ಬೆರಳಗಲ ಮೇಲಕ್ಕೆ ಒತ್ತುತ್ತಾ ಬನ್ನಿ. ನೋವು 5 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಉದ್ದಕ್ಕೆ ಹರಡಿದ್ದರೆ, ಓಟದ ಶುರುವಿನಲ್ಲಿ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್ಸ್ ಇರಬಹುದು. ನೋವು ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ಇದ್ದರೆ, ಓಡಿದಷ್ಟೂ ಏರುತ್ತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿನ ಅನುಮಾನ. ಆಗ ಅದೇ ದಿನದಿಂದ ಓಟ ಬಂದ್, ಮೂಳೆ ವೈದ್ಯರ ಭೇಟಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದಿರುವುದು ಮಾಮೂಲು. ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ಓಡಿ ಬಿರುಕನ್ನು ದೊಡ್ಡದು ಮಾಡಿಕೊಳ್ಳುವವರಿದ್ದಾರೆ. ಅನುಮಾನ ಉಳಿದರೆ ಎಂಆರ್‌ಐ ಬೇಕಾಗುತ್ತದೆ. ನೋವಿನ ಆ ಚುಕ್ಕೆ ಮೂಳೆಯ ಮುಂದಿನ ಏಣಿನ ಮೇಲಿದ್ದರೆ ಒಂದು ದಿನವೂ ತಡಮಾಡಬೇಡಿ. ಅಲ್ಲಿನ ಬಿರುಕು ಬೇಗ ಕೂಡುವುದಿಲ್ಲ.

ಶಿನ್ ಸ್ಪ್ಲಿಂಟ್ಸ್ ಎಂದೇ ತಿಳಿದರೆ ಮಂಚ ಹಿಡಿಯಬೇಕಿಲ್ಲ. ಎರಡು ವಾರ ಸೈಕಲ್ ತುಳಿಯಿರಿ, ಆಮೇಲೆ ಹಳೆಯ 15 ಕಿ.ಮೀ.ಯ ಅರ್ಧದಿಂದ ಶುರು ಮಾಡಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಳ್ಳಿ. ಓಡುವಾಗ ಮೂರು ದಾಟಬಾರದು, ಮಾರನೇ ಬೆಳಿಗ್ಗೆ ಮೊದಲಿನಷ್ಟಕ್ಕೇ ಇಳಿದಿರಬೇಕು. ಇಳಿದಿಲ್ಲವೆಂದರೆ ಹಿಂದಿನ ದಿನದ ಓಟ ಜಾಸ್ತಿಯಾಗಿದೆ.

ಜತೆಗೆ ದಿನ ಬಿಟ್ಟು ದಿನ ಎರಡು ವ್ಯಾಯಾಮ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನ ಇಳಿಸುವುದು: ಮಂಡಿ ನೆಟ್ಟಗಿಟ್ಟು 15ರ ಮೂರು ಸುತ್ತು, ಮಂಡಿ ಸ್ವಲ್ಪ ಮಡಚಿ ಮತ್ತೆ ಮೂರು ಸುತ್ತು. ಮಡಚಿ ಮಾಡುವುದನ್ನು ಬಿಡಬೇಡಿ, ಮೀನಖಂಡದ ಒಳಪದರದ ಸ್ನಾಯುವಿಗೆ ಕೆಲಸ ಸಿಗುವುದು ಆಗಲೇ. ಇನ್ನೊಂದು, ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಗೋಡೆಯಿಂದ ಒಂದು ಅಡಿ ಮುಂದಿಟ್ಟು, ಪಾದದ ಮುಂಭಾಗ ಮೇಲೆತ್ತುವುದು.

ಹೆಜ್ಜೆಯ ಲೆಕ್ಕವನ್ನೂ ನೋಡಿ. ಬಲಗಾಲು 30 ಸೆಕೆಂಡಿಗೆ ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 156 ಬಂದರೆ ಅದೇ ವೇಗದಲ್ಲಿ 164 ಮಾಡಲು ನೋಡಿ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಮೈಗಿಂತ ಬಹಳ ಮುಂದೆ ಬೀಳುವುದು ತಪ್ಪುತ್ತದೆ, ಮೂಳೆಗೆ ಬೀಳುವ ಪೆಟ್ಟು ಇಳಿಯುತ್ತದೆ. ಎಲ್ಲರೂ 180 ಹೆಜ್ಜೆ ಹಾಕಲೇಬೇಕು ಎಂಬ ಮಾತಿಗೆ ಬೆಲೆ ಕೊಡಬೇಡಿ, ಎತ್ತರ ಮತ್ತು ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಕಡಿಮೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಎಂದಿದ್ದಾರೆ. ಓಟ ಬಿಡಬೇಕೆ?
— ಓದುಗರು, ಮೈಸೂರು

ಉತ್ತರ: ಮೂಳೆ ಬೆಳೆದಿರುವುದರ ಚಿಂತೆ ಬಿಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಅದು ಇರುತ್ತದೆ. ನೀವು ಹೇಳುವ ಲಕ್ಷಣ ಪಾದದಡಿಯ ಪಟ್ಟಿಯ ನೋವಿನದು, ಪ್ಲಾಂಟರ್ ಫ್ಯಾಸಿಯೈಟಿಸ್ ಅನ್ನುವುದು ಇದಕ್ಕೇ.

ಪಾದದಡಿ ಬಾಟಲಿ ಉರುಳಿಸುವುದು, ಐಸ್ ಇಡುವುದು ಆ ಹೊತ್ತಿಗೆ ಹಿತ ಕೊಡುತ್ತವೆ, ಅಷ್ಟೇ. ಆ ಪಟ್ಟಿಗೆ ಬಲ ಬರಬೇಕು. ಸ್ನಾನದ ಟವೆಲನ್ನು ಬಿಗಿಯಾಗಿ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಡಿ. ಕಾಲ್ಬೆರಳುಗಳು ಅದರ ಮೇಲೆ ಬಂದು ಮೇಲ್ಮುಖವಾಗಿ ಬಾಗಿರಲಿ, ಹಿಮ್ಮಡಿ ಹೊರಗೆ ಗಾಳಿಯಲ್ಲಿರಲಿ. ಗೋಡೆಯನ್ನೋ ಕಂಬಿಯನ್ನೋ ಹಿಡಿದು ಆ ಒಂದು ಕಾಲಲ್ಲೇ 3 ಸೆಕೆಂಡು ಮೇಲೇರಿ, 2 ಸೆಕೆಂಡು ನಿಲ್ಲಿ, 3 ಸೆಕೆಂಡು ಇಳಿಯಿರಿ. ದಿನ ಬಿಟ್ಟು ದಿನ 12ರ ಮೂರು ಸುತ್ತು. ಎರಡು ವಾರ ಕಳೆದ ಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡು 10ರ ನಾಲ್ಕು ಸುತ್ತು, ಇನ್ನೆರಡು ವಾರಕ್ಕೆ ಚೀಲದ ಭಾರ ಏರಿಸಿ 8ರ ಐದು ಸುತ್ತು. ಟವೆಲ್ ಇಡದೆ ಮಾಡಿದರೆ ಮೀನಖಂಡಕ್ಕಷ್ಟೇ ಕೆಲಸ, ಪಟ್ಟಿ ಸಾಕಷ್ಟು ಬಿಗಿಯಾಗುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಬೇಕು. ಮೂರನೇ ವಾರಕ್ಕೇ ಬೇಸತ್ತು ಬಿಟ್ಟರೆ ಗುಣ ಕಾಣುವುದಿಲ್ಲ.

ಮನೆಯೊಳಗೆ ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದನ್ನು ಸದ್ಯಕ್ಕೆ ನಿಲ್ಲಿಸಿ, ಮನೆಗೆಂದೇ ಒಂದು ಜೊತೆ ಗಟ್ಟಿ ತಳದ ಚಪ್ಪಲಿ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಇದರಿಂದ ಆಗುವ ಗುಣ ದೊಡ್ಡದು. ಓಟ ಪೂರ್ತಿ ಬಿಡಬೇಕಿಲ್ಲ. ಮಾರನೇ ಬೆಳಗಿನ ಮೊದಲ ಹೆಜ್ಜೆಯ ನೋವು ಹೆಚ್ಚದಷ್ಟು ಓಡಿ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದಾಗ ಜೋರು ನೋವಾದರೆ, ಪಾದ ಜೋಮು ಹಿಡಿದರೆ ಕಾರಣ ಬೇರೆಯೇ ಇರಬಹುದು, ತೋರಿಸಿಕೊಳ್ಳಿ.

ಪ್ರಶ್ನೆ: ಜನವರಿಯಲ್ಲಿ ಮುಂಬೈನಲ್ಲಿ ಹಾಫ್ ಮ್ಯಾರಥಾನ್ ಓಡಲಿದ್ದೇನೆ. ಸುಮಾರು ಎರಡೂವರೆ ಗಂಟೆ ಬೇಕಾಗಬಹುದು. ಊರಲ್ಲಿ ಬೆವರು ಸುರಿಯುತ್ತದೆ. ಎಷ್ಟು ನೀರು ಕುಡಿಯಬೇಕು, ಏನು ತಿನ್ನಬೇಕು?
— ಓದುಗರು, ಮಂಗಳೂರು

ಉತ್ತರ: ಎಷ್ಟು ನೀರು ಎಂಬುದನ್ನು ನೀವೇ ಅಳೆಯಬಹುದು. ಓಟಕ್ಕೆ ಮೊದಲು ಮೂತ್ರ ಮಾಡಿ, ತೆಳು ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ ಬಂದು ಬೆವರು ಒರೆಸಿ ಮತ್ತೆ ನೋಡಿ. 62 ಕಿಲೋ ಇದ್ದದ್ದು 60.9 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ಗಂಟೆಗೆ 1.4 ಲೀಟರ್ ಬೆವರಿದ್ದೀರಿ. ಅಷ್ಟನ್ನೂ ಕುಡಿಯಬೇಕು ಎಂದಲ್ಲ. ಅದರ ಅರ್ಧದಷ್ಟು, ಬಾಯಾರಿಕೆ ಕೇಳಿದಂತೆ ಸಣ್ಣ ಗುಟುಕುಗಳಲ್ಲಿ ಸಾಕು. ಓಟದ ಕೊನೆಗೆ ತೂಕ ಒಂದು ಕಿಲೋದಷ್ಟು ಇಳಿದಿದ್ದರೆ ಗಾಬರಿ ಬೇಡ. ತೂಕ ಏರಿದ್ದರೆ ಅದು ಅಪಾಯದ ಸೂಚನೆ. ಬೇಡದಿದ್ದರೂ ದಾರಿಯಲ್ಲಿ ನೀರು ಕೊಡುವ ಪ್ರತಿ ಸ್ಟೇಷನ್‌ನಲ್ಲಿ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್‌ವರೆಗೂ ಹೋಗಬಹುದು. ನಿಧಾನಕ್ಕೆ ಓಡುವವರಲ್ಲೇ ಇದು ಹೆಚ್ಚು.

ಉಪ್ಪಿನಂಶಕ್ಕೆ ಡಬ್ಲ್ಯುಎಚ್‌ಒ ಸೂತ್ರದ ಒಆರ್‌ಎಸ್ ಅಗ್ಗ, ಒಳ್ಳೆಯದು. ದೊಡ್ಡ ಪೊಟ್ಟಣ ಸರಿಯಾಗಿ 1 ಲೀಟರ್ ನೀರಿಗೆ. ಅದನ್ನು ಅರ್ಧ ಲೀಟರಿಗೇ ಸುರಿದು ಗಾಢ ಮಾಡಿಕೊಂಡರೆ ಹೊಟ್ಟೆ ಕೆಡುತ್ತದೆ.

ತಿಂಡಿ ಓಟಕ್ಕೆ ಎರಡೂವರೆ ಗಂಟೆ ಮೊದಲು: ಮೂರು ನಾಲ್ಕು ಇಡ್ಲಿ, ಸ್ವಲ್ಪ ಬೆಲ್ಲ ಅಥವಾ ಜೇನು. ಸಾಂಬಾರು, ಕಾಯಿ ಚಟ್ನಿ ಓಟ ಮುಗಿದ ಮೇಲೆ. ಅರ್ಧ ಗಂಟೆ ಇರುವಾಗ ಒಂದು ಬಾಳೆಹಣ್ಣು. ದಾರಿಯಲ್ಲಿ ಗಂಟೆಗೆ 30ರಿಂದ 45 ಗ್ರಾಂ ಶರ್ಕರ ಬೇಕು, ಮೊದಲ 40 ನಿಮಿಷದಲ್ಲೇ ಶುರು ಮಾಡಿ. ಜೆಲ್ (ಓಟಗಾರರಿಗೆಂದು ಪೊಟ್ಟಣದಲ್ಲಿ ಬರುವ ಸಿಹಿ ಪಾಕ) ತೆಗೆದುಕೊಳ್ಳುವುದಾದರೆ ಮೇಲೆ ಬರೀ ನೀರು ಕುಡಿಯಿರಿ, ಸಿಹಿ ಪಾನೀಯ ಬೇಡ. ಜೆಲ್ ಒಗ್ಗದವರಿಗೆ 10 ಗ್ರಾಂ ತೂಗಿ ಇಟ್ಟುಕೊಂಡ ಬೆಲ್ಲದ ತುಂಡುಗಳೂ ಆಗುತ್ತವೆ. ಇದನ್ನೆಲ್ಲ ಕನಿಷ್ಠ ಮೂರು ಭಾನುವಾರದ ದೂರದ ಓಟಗಳಲ್ಲಿ ತಿಂದು ನೋಡಿರಬೇಕು. ಹಿಂದಿನ ದಿನ ಓಟದ ಎಕ್ಸ್‌ಪೋ ಮಳಿಗೆಗಳಲ್ಲಿ ಕೊಂಡ ಹೊಸ ಜೆಲ್ಲನ್ನು ಓಟದ ದಿನ ಬಾಯಿಗಿಡಬೇಡಿ.

ಮಂಗಳೂರಿನ ಹವೆಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅಲ್ಲಿನ ಅಭ್ಯಾಸದ ವೇಗ ನೋಡಿ ಕುಗ್ಗಬೇಡಿ, ಉಸಿರಿನ ಶ್ರಮ ನೋಡಿ ಓಡಿ.

ಪ್ರಶ್ನೆ: ಓಟಕ್ಕೆ ಮೊದಲೇ ಒಂದು ನೋವಿನ ಮಾತ್ರೆ ನುಂಗಿದರೆ ಮಂಡಿ ನೋವು ಕಾಡುವುದಿಲ್ಲ ಅನ್ನುತ್ತಾರೆ. ಸರಿಯೇ?
— ಓದುಗರು, ತುಮಕೂರು

ಉತ್ತರ: ತಪ್ಪು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಬಿಸಿಲು, ಬೆವರು, ದೂರದ ಓಟ ಅದನ್ನು ಮೊದಲೇ ತಗ್ಗಿಸಿರುತ್ತವೆ. ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು, ಹೊಟ್ಟೆಯ ಒಳಪದರವೂ ಕೆಡುತ್ತದೆ. ಮಾತ್ರೆ ನುಂಗದೆ ಓಡಲಾಗದಷ್ಟು ನೋವಿದ್ದರೆ ಆ ದಿನ ಓಡಬಾರದು.

ಪ್ರಶ್ನೆ: ಇಳಿಜಾರಿನಲ್ಲಿ ಓಡಿ ಬಂದ ಮೇಲೆ ಹೆಬ್ಬೆರಳ ಉಗುರು ಕಪ್ಪಾಗಿದೆ. ಶೂ ಬದಲಿಸಬೇಕೆ?
— ಓದುಗರು, ಮಡಿಕೇರಿ

ಉತ್ತರ: ಮೊದಲು ಲೇಸ್ ಬದಲಿಸಿ ನೋಡಿ. ಶೂನ ಮೇಲ್ತುದಿಯಲ್ಲಿ ಹೆಚ್ಚಿನವರು ಬಳಸದೇ ಬಿಡುವ ಒಂದು ತೂತು ಇರುತ್ತದೆ. ಲೇಸನ್ನು ಅದೇ ಬದಿಯ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕಚ್ಚಿ ಕೂರುತ್ತದೆ, ಪಾದ ಮುಂದಕ್ಕೆ ಜಾರಿ ಉಗುರು ಬಡಿಯುವುದಿಲ್ಲ. ಆಗಲೂ ಬಡಿದರೆ ಶೂ ಚಿಕ್ಕದು. ಸಂಜೆ ಹೊತ್ತು, ಓಡುವಾಗ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಿ ಕೊಳ್ಳಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಕಪ್ಪಾದ ಉಗುರನ್ನು ಕೀಳಬೇಡಿ. ಒಳಗೆ ರಕ್ತ ಕಟ್ಟಿ ಸಿಡಿಯುವಂತೆ ನೋಯುತ್ತಿದ್ದರೆ ಮಾತ್ರ ವೈದ್ಯರಿಂದ ತೂತು ಮಾಡಿಸಿ.

ಪ್ರಶ್ನೆ: ನನಗೆ 34. ಎರಡು ತಿಂಗಳಿಂದ ಅದೇ ದೂರ, ಅದೇ ವೇಗ, ಆದರೆ ಕಾಲು ಎಳೆದಂತೆ ಆಯಾಸ. ಹಿಮೋಗ್ಲೋಬಿನ್ 12.2 ಇದೆ, ಸರಿಯಿದೆ ಎಂದರು. ಮತ್ತೇನು ಕಾರಣ?
— ಓದುಗರು, ಶಿವಮೊಗ್ಗ

ಉತ್ತರ: ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಇಳಿಯುವುದು ಮೈಯಲ್ಲಿನ ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೆ. ದಾಸ್ತಾನು ಎಷ್ಟಿದೆ ಎಂದು ಹೇಳುವುದು ಫೆರಿಟಿನ್. ಅದು 30ಕ್ಕಿಂತ ಕೆಳಗಿದ್ದರೆ ಆಯಾಸಕ್ಕೆ ಕಾರಣ ಸಿಕ್ಕಂತೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು, ಮಾಂಸ ತಿನ್ನದವರು ಈ ಪರೀಕ್ಷೆಯನ್ನು ಖಂಡಿತ ಮಾಡಿಸಬೇಕು. ಜ್ವರವೋ ಸೋಂಕೋ ಇದ್ದಾಗ ಮಾಡಿಸಬೇಡಿ, ಅಂಕಿ ಸುಳ್ಳೇ ಏರಿರುತ್ತದೆ. ಥೈರಾಯ್ಡ್, ಬಿ12 ಕೂಡ ಅದೇ ರಕ್ತದಲ್ಲಿ ನೋಡಿಸಿಬಿಡಿ.

ಮಾತ್ರೆ ಬೇಕೇ, ಎಷ್ಟು ಎಂಬುದನ್ನು ವೈದ್ಯರು ಹೇಳಲಿ. ತಿಂಡಿಯ ಜತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸವನ್ನು ಮಾತ್ರ ಇಂದೇ ಬದಲಿಸಿ, ನಡುವೆ ಒಂದು ಗಂಟೆಯಾದರೂ ಇರಲಿ. ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದನ್ನು ಅವು ಬಹಳ ತಡೆಯುತ್ತವೆ. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನು ಓಟದ ಸಹಜ ಪರಿಣಾಮ ಎಂದು ಬಿಡಬೇಡಿ. ಓಡುವಷ್ಟಕ್ಕೆ ತಕ್ಕ ಊಟ ಸಾಲುತ್ತಿಲ್ಲ ಎಂಬುದು ಅದಕ್ಕಿರುವ ಮುಖ್ಯ ಕಾರಣಗಳಲ್ಲಿ ಒಂದು, ಮೂಳೆಯ ಬಿರುಕಿಗೂ ಅದೇ ದಾರಿ. ಫೆರಿಟಿನ್ ಏರುವವರೆಗೆ ವೇಗದ ಓಟ ನಿಲ್ಲಿಸಿ ಹಗುರ ಓಟ ಮಾತ್ರ ಓಡಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ.