ಬೀರುವಿನ ಬೆನ್ನು ನೋಡಿ

ಪ್ರಶ್ನೆ: ಲೂಸಿಯಾನದ ಬ್ಯಾಟನ್ ರೂಜ್ ಹತ್ತಿರ ಹಳೇ ಮನೆಯೊಂದರ ಸಾಮಾನು ಮಾರಾಟಕ್ಕಿದೆ. ಅಲ್ಲಿ ಆಳೆತ್ತರಕ್ಕೂ ಮೀರಿದ ಮಹಾಗನಿ ಬೀರು ಕಂಡೆ. ಬಾಗಿದ ಕಾಲು, ಎರಡು ಬಾಗಿಲು. ‘ಫ್ರೆಂಚರ ಕಾಲದ್ದು, 1750’ ಅನ್ನುತ್ತಾರೆ. ನಂಬಬಹುದೇ?
– ಓದುಗರೊಬ್ಬರು, ಹ್ಯೂಸ್ಟನ್

ಉತ್ತರ: 1750 ಅನ್ನುವುದನ್ನು ನಾನಂತೂ ನಂಬುವುದಿಲ್ಲ. 1788 ಮತ್ತು 1794ರ ಬೆಂಕಿಗಳಲ್ಲಿ ಲೂಸಿಯಾನದ ಮುಖ್ಯ ಊರಾದ ನ್ಯೂ ಆರ್ಲಿಯನ್ಸ್‌ನ ಬಹುಪಾಲು ಸುಟ್ಟುಹೋಯಿತು. ಈಗ ಸಿಗುವ ಕ್ರಿಯೋಲ್ ಬೀರುಗಳು, ಅಂದರೆ ಫ್ರೆಂಚ್ ಶೈಲಿಯಲ್ಲಿ ಲೂಸಿಯಾನದಲ್ಲೇ ಆದವು, ಹೆಚ್ಚಾಗಿ ಆ ಬೆಂಕಿಗಳ ಆಸುಪಾಸಿನ ವರ್ಷಗಳವು, ಇಲ್ಲವೇ 1803ರಲ್ಲಿ ಅಮೆರಿಕ ಆ ಸೀಮೆಯನ್ನು ಫ್ರಾನ್ಸಿನಿಂದ ಕೊಂಡ ನಂತರದವು. ಹಾಗಂತ ಬೇಸರ ಬೇಡ. ಫ್ರಾನ್ಸಿನ ಹಳ್ಳಿಯಿಂದ ಬಂದ 1750ರ ಬೀರುವಿಗಿಂತ ಲೂಸಿಯಾನದಲ್ಲೇ ಆದ 1800ರದ್ದು ಅಪರೂಪ.

ಅಲ್ಲೇ ಆದದ್ದೋ ಎಂದು ತಿಳಿಯಲು ಬೀರುವನ್ನು ಗೋಡೆಯಿಂದ ಈಚೆಗೆ ಸರಿಸಲು ಹೇಳಿ. ಮುಂಭಾಗದ ಮಹಾಗನಿ ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿದ್ದ ದುಬಾರಿ ಮರ. ಕಣ್ಣಿಗೆ ಬೀಳದ ಹಿಂಬದಿ ಹಲಗೆಗೆ, ಡ್ರಾಯರಿನ ತಳಕ್ಕೆ ಬಡಗಿ ಹಾಕುತ್ತಿದ್ದದ್ದು ಅಲ್ಲಿನ ಜೌಗಿನಲ್ಲಿ ಬೆಳೆಯುವ ಸೈಪ್ರಸ್ ಮರ. ಹಿಂಬದಿಯಲ್ಲಿ ಓಕ್ ಮರ ಕಂಡರೆ ಫ್ರಾನ್ಸಿನ ಮಾಲು ಎಂದು ಅನುಮಾನಿಸಿ. ಹಲಗೆಯ ಮೇಲೆ ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಅದು ದುಂಡು ಗರಗಸದ ಕೆಲಸ, ಸಾಮಾನ್ಯವಾಗಿ 1830ರ ಈಚಿನದು. ಕೈಯಿಂದ ತೋಪಡಾ ಹೊಡೆದದ್ದಾದರೆ ಬೆರಳಾಡಿಸಿದಾಗ ಸಣ್ಣ ಏರಿಳಿತ ತಿಳಿಯುತ್ತದೆ. ಹಿಂದೆ ದುಂಡನೆಯ ತೂತಿದೆಯೇ? ಟಿವಿ ಇಡಲು ವೈರಿಗಾಗಿ ಕೊರೆದದ್ದು. ಎಷ್ಟೋ ಒಳ್ಳೆಯ ಬೀರುಗಳ ಗತಿ ಹೀಗಾಗಿದೆ. ಕಾಲುಗಳನ್ನೂ ನೋಡಿ, ತೇವಕ್ಕೆ ಕೊಳೆತು ಬದಲಾಯಿಸಿರುವುದುಂಟು.

ಮಾರುವವರು ಬಡಗಿಯ ಹೆಸರು ಹೇಳಿದರೆ ಆಧಾರ ಕೇಳಿ. ಕೆರಿಬಿಯನ್ನಿನ ಹೇಟಿಯಲ್ಲಿ ನಡೆದ ಗುಲಾಮರ ಕ್ರಾಂತಿಯಿಂದ ಓಡಿ ಕ್ಯೂಬಾ ಸೇರಿದ್ದವರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ 1809ರ ಸುಮಾರಿಗೆ ನ್ಯೂ ಆರ್ಲಿಯನ್ಸ್‌ಗೆ ಬಂದರು. ನುರಿತ ಕಸುಬುದಾರರೂ ಅವರ ಜೊತೆ ಬಂದರು. ಡುಟ್ರೂಯ್ ಬಾರ್ಜೋನ್‌ರಂಥ ಸ್ವತಂತ್ರ ಕಪ್ಪು ಜನಾಂಗದ ಬಡಗಿಯ ಹೆಸರು ದಾಖಲೆಯಲ್ಲಿದೆ. ಗುಲಾಮರಾಗಿ ದುಡಿದ ಬಡಗಿಗಳ ಹೆಸರು ಹೆಚ್ಚಾಗಿ ಎಲ್ಲೂ ಇಲ್ಲ. ಸಹಿ ಇರುವ ಬೀರು ತೀರಾ ವಿರಳ.

ಕೊಂಡರೆ ಹಳೇ ಮೆರುಗು ಕೆರೆಸಿ ಹೊಸ ಪಾಲಿಶ್ ಹೊಡೆಸಬೇಡಿ, ಬೆಲೆಯ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಮುಂಗಡ ಕೊಡುವ ಮೊದಲು ಬ್ಯಾಟನ್ ರೂಜ್‌ನಲ್ಲೇ ಇರುವ ಮ್ಯಾಗ್ನೋಲಿಯಾ ಮೌಂಡ್ ಎಂಬ ಹಳೇ ಮನೆಯ ಮ್ಯೂಸಿಯಂಗೆ ಹೋಗಿ. ಲೂಸಿಯಾನದ ಹಳೆಯ ಪೀಠೋಪಕರಣ ಅಲ್ಲಿದೆ. ನೋಡಿಕೊಂಡು ಬಂದು ಆಮೇಲೆ ಚೌಕಾಸಿಗೆ ಕೂರಿ.