‘ಒಮಿಕ್ರಾನ್‌ನಿಂದ ಯಾರಾದರೂ ಸಾಯ್ತಾರಾ?’

ಶಿವಮೊಗ್ಗ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರಾಂಶ: 2022ರ ಜನವರಿಯಲ್ಲಿ ನನ್ನ ಅಣ್ಣ ತೀರಿಕೊಂಡರು. 74 ವರ್ಷ, ಹಳೆಯ ಸಕ್ಕರೆ ಕಾಯಿಲೆ. ಮೊದಲು ಗಂಟಲು ನೋವು, ಸಣ್ಣ ಜ್ವರ. ಬೆರಳಿಗೆ ಸಿಕ್ಕಿಸಿ ನೋಡಿದರೆ ಆಕ್ಸಿಜನ್ 95 ಇತ್ತು. ಮೂರನೇ ದಿನ ಊಟ ಬಿಟ್ಟರು, ಮಂಪರು ಕವಿಯಿತು, ಎದುರಿಗಿದ್ದವರ ಹೆಸರು ತಪ್ಪಿ ಕರೆದರು. ಆಸ್ಪತ್ರೆಯಲ್ಲಿ ಪಾಸಿಟಿವ್ ಬಂತು, ಮೂತ್ರಪಿಂಡ ಕೈಕೊಟ್ಟಿತು, ನಾಲ್ಕು ದಿನಕ್ಕೆ ಹೋಗಿಬಿಟ್ಟರು. ಈಗಲೂ ನೆಂಟರು ಸಿಕ್ಕಾಗ ‘ಒಮಿಕ್ರಾನ್‌ನಿಂದ ಯಾರಾದರೂ ಸಾಯ್ತಾರಾ? ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ’ ಅನ್ನುತ್ತಾರೆ. ಅಣ್ಣನ ಮಗನೂ ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳ ಅಂಕಿಅಂಶವನ್ನು ಮೊಬೈಲ್‌ನಲ್ಲಿ ತೋರಿಸುತ್ತಾನೆ. ಅದು ಸುಳ್ಳೇ? ಜೂನ್‌ನಲ್ಲಿ ಎರಡನೇ ಡೋಸ್ ಆಗಿತ್ತು. ಬೂಸ್ಟರ್ ಹಾಕಿಸದೆ ಬಿಟ್ಟದ್ದು ನಮ್ಮ ತಪ್ಪೇ? ನನಗೂ ಸಕ್ಕರೆ ಇದೆ.

ಮೇಡಂ, ನಮಸ್ಕಾರ.

ಬೂಸ್ಟರ್ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ ಎಂದು ಪತ್ರ ಓದಿದಾಗ ಅನ್ನಿಸಿತು. ನಮ್ಮ ದೇಶದಲ್ಲಿ ಮುನ್ನೆಚ್ಚರಿಕೆ ಡೋಸ್, ಅಂದರೆ ನೀವು ಕೇಳಿದ ಬೂಸ್ಟರ್, ಶುರುವಾದದ್ದು 2022ರ ಜನವರಿ 10ರಂದು. ಅದೂ ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು ತುಂಬಿದವರಿಗೆ ಮಾತ್ರ. ಜೂನ್‌ನಲ್ಲಿ ಎರಡನೆಯದು ಆಗಿದ್ದ ಅಣ್ಣನವರ ಸರದಿ ಬರುತ್ತಿದ್ದದ್ದು ಮಾರ್ಚ್‌ನಲ್ಲಿ. ಜನವರಿಯಲ್ಲಿ ನೀವು ಅವರನ್ನು ಕರೆದುಕೊಂಡು ಲಸಿಕೆ ಕೇಂದ್ರಕ್ಕೇ ಹೋಗಿದ್ದರೂ ವಾಪಸ್ ಕಳಿಸುತ್ತಿದ್ದರು. ನಿಮ್ಮಿಂದ ತಪ್ಪಾಗಿಲ್ಲ.

ಇನ್ನು ಅಣ್ಣನ ಮಗ ತೋರಿಸುವ ಅಂಕಿಗಳು. ಅವು ಸುಳ್ಳಲ್ಲ. ಆದರೆ ಅವು ಯಾರ ಅಂಕಿಗಳು ಎಂಬುದನ್ನು ಬಿಟ್ಟು ಓದಿದ್ದರಿಂದ ನಿಮ್ಮ ಮನೆಗೆ ಇಷ್ಟು ನೋವಾಗಿದೆ.

ದಕ್ಷಿಣ ಆಫ್ರಿಕಾ ಕೊರೊನಾ ವೈರಸ್ಸಿನ ಈ ಹೊಸ ರೂಪಾಂತರಿಯ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 2021ರ ನವೆಂಬರ್ 24ರಂದು. ಎರಡು ದಿನದಲ್ಲಿ ಒಮಿಕ್ರಾನ್ ಎಂದು ಹೆಸರಾಯಿತು. ಆಗ ಸೋಂಕು ಭುಗಿಲೆದ್ದದ್ದು ಗೌಟೆಂಗ್ ಪ್ರಾಂತ್ಯದಲ್ಲಿ. ಅಲ್ಲಿನ ಪ್ರಿಟೋರಿಯಾದ ಸ್ಟೀವ್ ಬಿಕೊ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ಜಿಲ್ಲಾಸ್ಪತ್ರೆಯ ವಾರ್ಡ್‌ಗಳಲ್ಲಿ ಏನಾಗುತ್ತಿದೆ ಎಂದು ವೈದ್ಯ ಫರೀದ್ ಅಬ್ದುಲ್ಲಾ ಡಿಸೆಂಬರ್ ಮೊದಲ ವಾರದಲ್ಲೇ ವರದಿ ಕೊಟ್ಟರು. ಡಿಸೆಂಬರ್ 2ರಂದು ಕೋವಿಡ್ ವಾರ್ಡ್‌ನಲ್ಲಿದ್ದವರು 42 ಮಂದಿ. ಅವರಲ್ಲಿ 29 ಜನ ಆಕ್ಸಿಜನ್ ನಳಿಕೆಯೇ ಇಲ್ಲದೆ ತಮ್ಮಷ್ಟಕ್ಕೆ ಉಸಿರಾಡುತ್ತಿದ್ದರು. ಒಂದು ಬೆಡ್‌ಗಾಗಿ, ಒಂದು ಸಿಲಿಂಡರ್‌ಗಾಗಿ 2021ರ ಏಪ್ರಿಲ್-ಮೇನಲ್ಲಿ ರಾತ್ರಿಯಿಡೀ ಫೋನ್ ಮಾಡಿದ ನಮಗೆಲ್ಲ ಆ ಒಂದು ಸಾಲು ಎಂಥ ಸಮಾಧಾನ ತಂದಿತ್ತೆಂದು ನಿಮಗೂ ನೆನಪಿರಬಹುದು.

ಮುಂದೆ ಬಂದ ಅಂಕಿಗಳೂ ಅದನ್ನೇ ಹೇಳಿದವು. ಅದೇ ಆಸ್ಪತ್ರೆಗಳಲ್ಲಿ ದಾಖಲಾದವರಲ್ಲಿ ಸತ್ತವರು ಹಿಂದಿನ ಅಲೆಗಳಲ್ಲಿ ಶೇ 21.3, ಈ ಅಲೆಯಲ್ಲಿ ಶೇ 4.5. ನೆಟ್‌ಕೇರ್ ಎಂಬ ಖಾಸಗಿ ಜಾಲದ 49 ಆಸ್ಪತ್ರೆಗಳ ಲೆಕ್ಕ ಇನ್ನೂ ಎದ್ದು ಕಾಣುತ್ತದೆ. ಅಲ್ಲಿನ ಮೂರನೇ ಅಲೆಯಲ್ಲಿ, ಅಂದರೆ ಒಮಿಕ್ರಾನ್‌ಗೆ ಹಿಂದಿನ ಡೆಲ್ಟಾ ರೂಪಾಂತರಿಯ ಕಾಲದಲ್ಲಿ, ಶೇ 74 ರೋಗಿಗಳಿಗೆ ಆಕ್ಸಿಜನ್ ಕೊಡಬೇಕಾಗಿತ್ತು. ಒಮಿಕ್ರಾನ್ ಅಲೆಯ ಆರಂಭದಲ್ಲಿ ಅದು ಶೇ 17.6ಕ್ಕೆ ಇಳಿಯಿತು. ಸಾವು ಶೇ 29.1ರಿಂದ 2.7ಕ್ಕೆ ಬಂತು. ನಿಮ್ಮ ಹುಡುಗ ತೋರಿಸುವುದು ಬಹುಶಃ ಈ ಕೊನೆಯ ಸಂಖ್ಯೆಯನ್ನೇ.

ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇದೆ, ಅದನ್ನು ಅವನಿಗೆ ದಯವಿಟ್ಟು ತೋರಿಸಿ. ಡೆಲ್ಟಾ ಅಲೆಯ ರೋಗಿಗಳ ಮಧ್ಯಾಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು) 59, ಒಮಿಕ್ರಾನ್ ಅಲೆಯವರದ್ದು 36. ಪ್ರಿಟೋರಿಯಾದ ವಾರ್ಡ್‌ಗಳಲ್ಲಿ ಒಂದು ದಿನ ಎಣಿಸಿ ನೋಡಿದಾಗ ಶೇ 63 ಮಂದಿ ಕೋವಿಡ್‌ಗಾಗಿ ಬಂದವರೇ ಆಗಿರಲಿಲ್ಲ. ಹೆರಿಗೆಗೆ, ಆಪರೇಷನ್‌ಗೆ, ಬೇರಾವುದೋ ಕಾಯಿಲೆಗೆ ಬಂದಿದ್ದರು. ದಾಖಲಿಸುವಾಗ ಎಲ್ಲರಿಗೂ ಟೆಸ್ಟ್ ಮಾಡುತ್ತಿದ್ದುದರಿಂದ ಪಾಸಿಟಿವ್ ಎಂದು ಗೊತ್ತಾಗಿತ್ತು, ಅಷ್ಟೆ. ಗಂಟಲಿನಲ್ಲಿ ವೈರಸ್ ಇಟ್ಟುಕೊಂಡು ಹೆರಿಗೆಗೆ ಬಂದ ಇಪ್ಪತ್ತೈದರ ಹೆಣ್ಣುಮಗಳನ್ನೂ, ಕೋವಿಡ್‌ನಿಂದಲೇ ಮಂಪರು ಕವಿದ 74ರ ಸಕ್ಕರೆ ರೋಗಿಯನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ಶೇಕಡಾವಾರು ತೆಗೆದರೆ ಬರುವ ಸಂಖ್ಯೆಯಿಂದ ಅಣ್ಣನವರ ಪಾಡನ್ನು ಅಳೆಯಲಾಗದು.

ಆಸ್ಪತ್ರೆ ಸೇರಿದ ಮೇಲೇನು ಎಂಬುದಕ್ಕೆ ಅದೇ ದೇಶದ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯವರ ಅಧ್ಯಯನ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಆಗ ಕೆಲವು ಪಿಸಿಆರ್ ಕಿಟ್‌ಗಳಲ್ಲಿ ಒಮಿಕ್ರಾನ್ ಇದ್ದರೆ ಎಸ್ ಜೀನ್ ಎಂಬ ಗುರುತು ಬೀಳುತ್ತಿರಲಿಲ್ಲ. ಆ ಸುಳಿವಿನಿಂದ ಅವರು ರೋಗಿಗಳನ್ನು ಬೇರ್ಪಡಿಸಿದರು. ಒಮಿಕ್ರಾನ್ ತಗಲಿದವರಲ್ಲಿ ಆಸ್ಪತ್ರೆ ಸೇರಿದ್ದು ಶೇ 2.4, ಅದೇ ದಿನಗಳಲ್ಲಿ ಬೇರೆ ರೂಪಾಂತರಿ ತಗಲಿದವರಲ್ಲಿ ಶೇ 12.8. ದೊಡ್ಡ ವ್ಯತ್ಯಾಸ. ಆದರೆ ಒಮ್ಮೆ ದಾಖಲಾದ ಮೇಲೆ, ವಯಸ್ಸು ಇತ್ಯಾದಿಗಳನ್ನು ಹೊಂದಿಸಿ ನೋಡಿದಾಗ, ಅದೇ ದಿನಗಳ ಆ ಎರಡು ಗುಂಪುಗಳ ನಡುವೆ ಕಾಯಿಲೆ ಉಲ್ಬಣಿಸುವುದರಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಅದಕ್ಕೆ ಹಿಂದಿನ ತಿಂಗಳುಗಳ ಡೆಲ್ಟಾ ರೋಗಿಗಳಿಗೆ ಹೋಲಿಸಿದರೆ ಮಾತ್ರ ಕಡಿಮೆ ಇತ್ತು. ಅಂದರೆ ಹೆಚ್ಚಿನವರನ್ನು ಈ ವೈರಸ್ ಆಸ್ಪತ್ರೆಯ ಮೆಟ್ಟಿಲು ಹತ್ತಿಸಲಿಲ್ಲ. ಹತ್ತಿದವರಿಗೆ ಅದು ಬರೀ ನೆಗಡಿಯಾಗಿರಲಿಲ್ಲ.

ಹೆಚ್ಚಿನವರು ಪಾರಾದದ್ದಕ್ಕೆ ವೈರಸ್ಸಿನ ಗುಣವೂ ಕಾರಣ, ಜನರ ಮೈಯಲ್ಲಿದ್ದ ರೋಗನಿರೋಧಕ ಶಕ್ತಿಯೂ ಕಾರಣ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ಮನುಷ್ಯರ ಅಂಗಾಂಶದ ಮೇಲೆ ನೋಡಿದಾಗ ಒಮಿಕ್ರಾನ್ ಶ್ವಾಸನಾಳದಲ್ಲಿ ಡೆಲ್ಟಾಗಿಂತ ಸುಮಾರು 70 ಪಟ್ಟು ವೇಗವಾಗಿ ಬೆಳೆಯುತ್ತಿತ್ತು, ಶ್ವಾಸಕೋಶದ ಒಳಗೆ ಹತ್ತು ಪಟ್ಟಿಗೂ ಹೆಚ್ಚು ಕುಂಠಿತವಾಗುತ್ತಿತ್ತು. ಇತ್ತ ಗೌಟೆಂಗ್‌ನಲ್ಲಿ ಒಮಿಕ್ರಾನ್ ಬರುವ ಮೊದಲೇ ಶೇ 73ರಷ್ಟು ಜನರ ರಕ್ತದಲ್ಲಿ ಹಿಂದಿನ ಸೋಂಕು ಅಥವಾ ಲಸಿಕೆಯಿಂದ ಬಂದ ಪ್ರತಿಕಾಯಗಳಿದ್ದವು.

ಆ ರಕ್ಷಣೆ ಇಲ್ಲದ ಕಡೆ ಏನಾಯಿತೆಂದು ಹಾಂಗ್‌ಕಾಂಗ್‌ನವರೇ ನೋಡಬೇಕಾಯಿತು. ಎರಡು ವರ್ಷ ವೈರಸ್ಸನ್ನು ಗಡಿಯಲ್ಲೇ ತಡೆದಿದ್ದ ಊರದು. ಹಿಂದೆ ಸೋಂಕು ತಗಲಿದವರು ಅತಿ ಕಡಿಮೆ, ತೀರಾ ವಯಸ್ಸಾದವರಲ್ಲಿ ಲಸಿಕೆ ಹಾಕಿಸಿಕೊಂಡವರೂ ಕಡಿಮೆ. 2022ರ ಆರಂಭದಲ್ಲಿ ಒಮಿಕ್ರಾನ್‌ನ ಬಿಎ.2 ಕವಲು ವೃದ್ಧಾಶ್ರಮಗಳಿಗೆ ನುಗ್ಗಿತು. ಫೆಬ್ರುವರಿಯ ಚಳಿಯಲ್ಲಿ ಮುದುಕರನ್ನು ಆಸ್ಪತ್ರೆಯ ಹೊರಗೆ, ಬಯಲಲ್ಲಿ ಮಂಚ ಹಾಕಿ ಮಲಗಿಸಿದ್ದರು. ಜನವರಿ 6ರಿಂದ ಮಾರ್ಚ್ 21ರವರೆಗೆ ಸತ್ತವರು 5,906. ಅವರಲ್ಲಿ ಶೇ 96 ಮಂದಿ ಅರವತ್ತು ದಾಟಿದವರು, ಆ ಹಿರಿಯರಲ್ಲಿ ಶೇ 70 ಮಂದಿ ಒಂದೂ ಲಸಿಕೆ ಪಡೆಯದವರು. ‘ಒಮಿಕ್ರಾನ್‌ನಿಂದ ಯಾರಾದರೂ ಸಾಯ್ತಾರಾ’ ಎಂದು ಕೇಳುವ ನೆಂಟರಿಗೆ ಈ ಲೆಕ್ಕ ಹೇಳಿ.

ಅಷ್ಟು ದೂರವೂ ಹೋಗಬೇಕಿಲ್ಲ. 2021ರ ಮೇ 5ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆಯ ಬುಲೆಟಿನ್‌ನಲ್ಲಿ 50,112 ಹೊಸ ಪ್ರಕರಣ, 346 ಸಾವು. 2022ರ ಜನವರಿ 23ರಂದು 50,210 ಪ್ರಕರಣ, 19 ಸಾವು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೂ ಮೊದಲು ಬರುವುದು ನಿಟ್ಟುಸಿರೇ. ಆದರೆ ಆ 19 ಮನೆಗಳಿಗೆ ಹೋಗಿ ‘ಅದರಿಂದ ಯಾರಾದರೂ ಸಾಯ್ತಾರಾ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ನಿಮ್ಮನ್ನು ಕೇಳುವ ಹಕ್ಕೂ ಇಲ್ಲ.

ನೀವು ಬರೆದಿರುವ ಲಕ್ಷಣಗಳ ಬಗ್ಗೆ ಒಂದೆರಡು ಮಾತು. ನಾನು ವೈದ್ಯನಲ್ಲ, ಅಣ್ಣನವರ ಕೇಸ್ ಶೀಟ್ ನೋಡಿದವರೇ ಅದನ್ನು ಖಚಿತವಾಗಿ ಹೇಳಬೇಕು. ಡೆಲ್ಟಾ ಕಾಲದಲ್ಲಿ ನಮಗೆಲ್ಲ ಎರಡು ವಿಷಯ ತಲೆಯಲ್ಲಿ ಕೂತುಬಿಟ್ಟಿತ್ತು: ವಾಸನೆ ಹೋದರೆ ಕೋವಿಡ್, ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ಒಮಿಕ್ರಾನ್ ಎರಡನ್ನೂ ಬದಲಿಸಿತು. ಬ್ರಿಟನ್ನಿನಲ್ಲಿ ಲಸಿಕೆ ಪಡೆದವರು ಆ್ಯಪ್‌ನಲ್ಲಿ ದಾಖಲಿಸಿದ ಲಕ್ಷಣಗಳನ್ನು ಹೋಲಿಸಿದಾಗ ವಾಸನೆ ಹೋದವರು ಡೆಲ್ಟಾದಲ್ಲಿ ಶೇ 52.7, ಒಮಿಕ್ರಾನ್‌ನಲ್ಲಿ ಶೇ 16.7. ಗಂಟಲು ನೋವು ಶೇ 60.8ರಿಂದ 70.5ಕ್ಕೆ ಏರಿತ್ತು. ಇನ್ನು ವಯಸ್ಸಾದವರಲ್ಲಿ ಕೋವಿಡ್ ಎಷ್ಟೋ ಸಲ ಉಸಿರಾಟದ ದಾರಿಯಲ್ಲಿ ತೋರಿಸಿಕೊಳ್ಳುವುದೇ ಇಲ್ಲ. ಊಟ ಬೇಡ ಅನ್ನುತ್ತಾರೆ, ಎದ್ದು ನಡೆಯುವಾಗ ಬೀಳುತ್ತಾರೆ, ಹಗಲು ರಾತ್ರಿ ಗೊತ್ತಾಗದೆ ಏನೇನೋ ಮಾತಾಡುತ್ತಾರೆ. ಜ್ವರಕ್ಕೆ ಸಕ್ಕರೆ ಏರುತ್ತದೆ, ನೀರು ಕುಡಿಯದೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ದುರ್ಬಲ ಹೃದಯ ಸೋಲುತ್ತದೆ. ಅಂಥ ಸಾವಿಗೆ ಜನ ‘ಅದು ಕಿಡ್ನಿಯಿಂದ ಆದದ್ದು’ ಅಂದುಬಿಡುತ್ತಾರೆ. ಬೆರಳಿನ ಯಂತ್ರದಲ್ಲಿ 95 ನೋಡಿ ನೀವು ಧೈರ್ಯ ತಂದುಕೊಂಡದ್ದು ಆ ಕಾಲ ನಮಗೆಲ್ಲ ಕಲಿಸಿದ್ದ ಪಾಠದ ಪ್ರಕಾರವೇ. ಮಂಪರು ಕಂಡ ದಿನವೇ ಆಸ್ಪತ್ರೆಗೆ ಸೇರಿಸಿದ್ದೀರಿ. ಇದಕ್ಕಿಂತ ಹೆಚ್ಚಿನದನ್ನು ಆ ಜನವರಿಯಲ್ಲಿ ಯಾವ ಮನೆಯವರಿಂದ ನಿರೀಕ್ಷಿಸಬಹುದಿತ್ತು?

ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅನ್ನಿಸಿದರೆ ಅಣ್ಣನವರ ಮಗನ ಕೈಯಲ್ಲಿ ಆಸ್ಪತ್ರೆಯಿಂದ ದಾಖಲೆಗಳ ನಕಲು ಕೇಳಿಸಿ, ನಿಮಗೆ ನಂಬಿಕೆಯ ಫಿಸಿಶಿಯನ್ ಒಬ್ಬರ ಮುಂದೆ ಇಬ್ಬರೂ ಕೂತು ಓದಿಸಿ. ಆ ಹುಡುಗನೂ ಅಪ್ಪನನ್ನು ಕಳೆದುಕೊಂಡವನು. ಅಂಕಿಗಳನ್ನು ಹಿಡಿದು ಅವನು ಹುಡುಕುತ್ತಿರುವುದೂ ನಿಮ್ಮದೇ ಪ್ರಶ್ನೆಗೆ ಉತ್ತರವನ್ನು ಇರಬಹುದು.

ನಿಮ್ಮ ಸಕ್ಕರೆ ಕಾಯಿಲೆಗೆ ಸಂಬಂಧಿಸಿದಂತೆ ಒಂದು ಕೆಲಸ ಮಾಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ, ಜ್ವರ ಬಂದು ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು, ಇನ್ಸುಲಿನ್ ಇದ್ದರೆ ಎಷ್ಟು, ದಿನಕ್ಕೆ ಎಷ್ಟು ಸಲ ಸಕ್ಕರೆ ನೋಡಬೇಕು ಎಂದು ಚೀಟಿಯಲ್ಲಿ ಬರೆಸಿಕೊಂಡು ಮನೆಯವರೆಲ್ಲ ಕಾಣುವ ಕಡೆ ಅಂಟಿಸಿ. ಗಂಟಲು ನೋವು, ಜ್ವರ ಶುರುವಾದರೆ ಮೊದಲ ದಿನವೇ ಫೋನ್ ಮಾಡಿ ಟೆಸ್ಟ್ ಬೇಕೇ ಎಂದು ಕೇಳಿ. ಮತ್ತೊಂದು ಲಸಿಕೆ ಡೋಸ್ ಬೇಕೇ ಎಂದೂ ಅದೇ ಭೇಟಿಯಲ್ಲಿ ವಿಚಾರಿಸಿ.

— ಸಂಪಾದಕ